ಎರಡು ಸಭೆ

“ಇವತ್ತು ಯಾರ ಕಡೆಗೆ ಕೈ ಎತ್ತುತ್ತೀಯ?” ಎಂದು ಅತ್ತೆ ಕೇಳಿದಾಗ ಸೊಸೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅವಳು ಡ್ರೈವಿಂಗ್ ಶಾಲೆ ನಡೆಸುವವಳು. ಹೋದ ವರ್ಷ ಪುರಸಭೆಗೆ ಆರಿಸಿ ಬಂದ ಮೇಲೆ ಕೌನ್ಸಿಲರ್ ಕೂಡ. ಚರ್ಚಿನ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಪುರಸಭೆಯ ಹಳೇ ಗೋದಾಮಿನ ವಿಷಯ ಅವತ್ತು ಓಟಿಗೆ ಬರುವುದಿತ್ತು. ಮಕ್ಕಳಿಗೆ ಬೈಬಲ್ ಕಲಿಸುವ ಭಾನುವಾರದ ಶಾಲೆಗೆ ಕೊಡಿ ಎಂದು ಚರ್ಚಿನವರು ಕೇಳಿದ್ದರು. ಸೇತುವೆ ಕೆಲಸಕ್ಕೆ ದೂರದಿಂದ ಬಂದು, ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದು ಮಲಗುವ ಕೂಲಿಯವರಿಗೆ ತಂಗಲು ಕೊಡಿ ಎಂದು ಇನ್ನು ಕೆಲವರು.

“ಕೂಲಿಯವರ ಕಡೆಗೆ, ಅತ್ತೆ.”

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಭಾನುವಾರದ ಶಾಲೆಯ ಟೀಚರು ಅವರೇ. ತಲೆಗೂದಲು ಕಪ್ಪಾಗಿದ್ದ ಕಾಲದಿಂದಲೂ ಚರ್ಚಿನ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತ ಬಂದವರು. ಮಳೆ ಬಂದರೆ ಅರ್ಧ ಮಕ್ಕಳು ನೆನೆಯುತ್ತಿದ್ದರು. ಸೊಸೆ ಚುನಾವಣೆಗೆ ನಿಂತಾಗ ಮಂಡಿನೋವು ಮರೆತು ಮನೆಮನೆ ಹತ್ತಿ ಇಳಿದಿದ್ದರು. ಮಕ್ಕಳಿಗೊಂದು ಕೋಣೆ ಆದೀತು ಎಂಬ ಆಸೆಯೂ ಅದರಲ್ಲಿತ್ತು.

“ನಿನ್ನ ಗೆಲ್ಲಿಸಿದ್ದು ನಮ್ಮ ಚರ್ಚಿನ ಸಭೆಯವರು. ನೆನಪಿರಲಿ.”

“ಚರ್ಚಿನ ಮೆಟ್ಟಿಲು ಹತ್ತದವರೂ ಓಟು ಹಾಕಿದ್ದಾರೆ, ಅತ್ತೆ. ಈಗ ನಾನು ಕೂರಬೇಕಾಗಿರೋದು ಊರಿನ ಸಭೆಯಲ್ಲಿ.”

“ಆ ಜನ ಕುಡೀತಾರೆ. ಪಕ್ಕದಲ್ಲೇ ಮಕ್ಕಳು ಓಡಾಡೋ ಜಾಗ. ಇದಕ್ಕೆ ಪ್ರಾರ್ಥನೆ ಮಾಡಿದೆಯಾ?”

“ಮಾಡಿದೆ.”

“ಏನು ಉತ್ತರ ಬಂತು?”

“ಉತ್ತರ ಅಂತೇನೂ ಬರಲಿಲ್ಲ. ನೀವು ಓದಿಸಿದ್ದೇ ಕಣ್ಣ ಮುಂದೆ ಬಂತು. ಹಸಿದವರು, ಪರದೇಶಿಗಳು, ಹೊದೆಯೋಕೆ ಇಲ್ಲದವರು...”

ಮದುವೆಯಾಗಿ ಬಂದಾಗ ಅವಳಿಗೆ ಬೈಬಲಿನಲ್ಲಿ ಪುಟ ಹುಡುಕುವುದೂ ಬರುತ್ತಿರಲಿಲ್ಲ. ಸಂಜೆಯ ಪ್ರಾರ್ಥನೆಗೆ ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಓದಿಸಿದವರು ಅತ್ತೆ. ಓದು ಮುಗಿದ ಮೇಲೆ, ಅವತ್ತು ಯಾರ ಮೇಲೆ ಸಿಟ್ಟು ಬಂದಿತ್ತೋ ಅವರಿಗಾಗಿ ಮನಸ್ಸಿನಲ್ಲೇ ಪ್ರಾರ್ಥಿಸಿ ಊಟಕ್ಕೆ ಏಳಬೇಕು. ಅದು ಆ ಮನೆಯ ಕಟ್ಟಳೆ. ಮೊದಲ ವರ್ಷವೆಲ್ಲ ಸೊಸೆ ಪ್ರಾರ್ಥಿಸಿದ್ದು ಅತ್ತೆಗಾಗಿಯೇ.

“ಅದು ಮನೆಗೆ ಹೇಳಿದ ಮಾತು. ಮುನಿಸಿಪಾಲ್ಟಿಗೆ ಅಲ್ಲ.”

“ಮುನಿಸಿಪಾಲ್ಟಿಗೆ ನಾನು ಹೋಗೋದು ಈ ಮನೆಯಿಂದಲೇ ಅಲ್ವಾ?”

ಅತ್ತ ದರಿ ಇತ್ತ ಪುಲಿ ಎನ್ನುವಂತೆ ನಡುವೆ ಕೂತಿದ್ದ ಗಂಡ ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿದ.

ಸೊಸೆ ಹೇಳಿದಂತೆಯೇ ಮಾಡಿದಳು. ಅವಳ ಕೈ ಮೇಲೇಳದಿದ್ದರೆ ಗೋದಾಮು ಚರ್ಚಿಗೆ ಹೋಗುತ್ತಿತ್ತು. ಓಣಿಗೊಂದು ದೀಪ, ಒಬ್ಬ ಕಾವಲುಗಾರ ಬೇಕು ಎಂದೂ ಕೇಳಿದಳು. ದೀಪ ಮಂಜೂರಾಯಿತು, ಕಾವಲುಗಾರ ಆಗಲಿಲ್ಲ. ಭಾನುವಾರ ಚರ್ಚಿನ ಬಾಗಿಲಲ್ಲಿ ಅವಳ ಕೈ ಕುಲುಕಿದವರು ಪಾಸ್ಟರ್ ಒಬ್ಬರೇ. ಅದೂ ಅವರು ಎಲ್ಲರಿಗೂ ಮಾಡುವ ಕೆಲಸ. ಅತ್ತೆ ಎಂದಿನಂತೆ ಅವಳ ಪಕ್ಕದಲ್ಲೇ ಕೂತರು, ಮಾತಾಡಲಿಲ್ಲ. ಮನೆಯಲ್ಲೂ ಅಷ್ಟೇ. “ನಿನ್ನ ಹೆಂಡತಿಗೆ ನೀರು ಬೇಕಾ ಕೇಳು,” ಎಂದು ಮಗನಿಗೆ ಹೇಳುತ್ತಿದ್ದರು. ಸಂಜೆ ಪ್ರಾರ್ಥನೆಯಲ್ಲಿ ಇಬ್ಬರೂ ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದರು. ಯಾರು ಯಾರಿಗಾಗಿ ಎಂಬುದು ಗಂಡನಿಗೆ ಕೇಳದೆಯೇ ಗೊತ್ತಾಗುತ್ತಿತ್ತು. ಊಟ ಆರುತ್ತಿತ್ತು.

ಕೂಲಿಯವರು ಗೋದಾಮಿಗೆ ಬಂದು ಸ್ವಲ್ಪ ದಿನವಾಗಿತ್ತು. ಒಂದು ಬೆಳಿಗ್ಗೆ ಡ್ರೈವಿಂಗ್ ಶಾಲೆಯ ಆಫೀಸಿನ ಬಾಗಿಲಲ್ಲಿ ಅತ್ತೆ ಬಂದು ನಿಂತರು.

“ಕೌನ್ಸಿಲರ್ ಇದ್ದಾರಾ?”

ಸೊಸೆ ದಡಕ್ಕನೆ ಎದ್ದಳು. “ಅತ್ತೆ? ಮನೇಲಿ ಏನಾಯ್ತು?”

“ಮನೇಲಿ ಏನೂ ಆಗಿಲ್ಲ. ನಾನು ಈ ವಾರ್ಡಿನವಳು. ನಿಮ್ಮ ಹತ್ತಿರ ಒಂದು ವಿಷಯ ಹೇಳೋದಿತ್ತು.”

ಮದುವೆಯಾದಾಗಿನಿಂದ ಅತ್ತೆ ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಸೊಸೆ ಕುರ್ಚಿ ತೋರಿಸಿದಳು. ಅರ್ಜಿ ಕೊಡಲು ಬಂದವರ ಹಾಗೆ ಅತ್ತೆ ತುದಿಯಲ್ಲಿ ಕೂತರು.

“ಗೋದಾಮಿಗೆ ಹೋಗಿದ್ದೆ. ಬಾಟ್ಲಿ ಸಿಗುತ್ತೆ, ತಂದು ನಿಮ್ಮ ಮೇಜಿನ ಮೇಲೆ ಇಡೋಣ ಅಂತಲೇ ಹೋದದ್ದು. ಇತ್ತು. ನಾನು ಹೇಳಿದ್ದು ಸುಳ್ಳಾಗಲಿಲ್ಲ.”

ಸೊಸೆ ನೀರಿನ ಲೋಟವನ್ನು ಅತ್ತೆಯ ಕಡೆಗೆ ಸರಿಸಿದಳು.

“ಆದರೆ ಅಷ್ಟು ಜನಕ್ಕೆ ಇರೋದು ಒಂದು ಕಕ್ಕಸು. ಅದರ ಬಾಗಿಲಿಗೆ ಚಿಲಕ ಇಲ್ಲ. ಒಬ್ಬ ಒಳಗೆ ಹೋದರೆ ಇನ್ನೊಬ್ಬ ಹೊರಗೆ ಬಾಗಿಲು ಹಿಡ್ಕೊಂಡು ನಿಂತಿರ್ತಾನೆ. ನನ್ನ ನೋಡಿ ಅವನಿಗೆ ನಾಚಿಕೆ ಆಯ್ತು, ಅವನನ್ನ ನೋಡಿ ನನಗೆ. ಒಳಗೆ ಸೇರಿಸಿಬಿಟ್ಟರೆ ಮುಗೀತಾ? ಆಮೇಲೆ ನೀವು ಒಂದು ಸಲನಾದರೂ ಹೋಗಿ ನೋಡಿದ್ರಾ?”

“ಇಲ್ಲ ಅತ್ತೆ,” ಎಂದಳು ಸೊಸೆ. “ಕೈ ಎತ್ತಿದೆ, ಕೆಲಸ ಆಯ್ತು ಅಂದ್ಕೊಂಡೆ.”

“ಯಾವಾಗ ಸರಿ ಮಾಡಿಸ್ತೀರಿ?”

“ನಾಳೆ ಇಂಜಿನಿಯರನ್ನ ಕರ್ಕೊಂಡು ಹೋಗ್ತೀನಿ.”

“ನಾನೂ ಬರ್ತೀನಿ. ಅವರು ನಿಮ್ಮ ಕಿವಿ ಮೇಲೆ ಹೂ ಇಡಬಾರದು.”

ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ಸೊಸೆ ಬಾಗಿಲವರೆಗೂ ಜೊತೆಗೆ ಹೋದಳು. ಎಷ್ಟೋ ದಿನದ ಮೇಲೆ ಅವಳಿಗೆ ನಗು ಬಂದಿತ್ತು.

“ಹಾಗಾದರೆ ಮುಂದಿನ ಸಲ ನಿಮ್ಮ ಓಟು ನನಗೇನಾ?”

“ಇಲ್ಲ,” ಎಂದರು ಅತ್ತೆ, ಕೊಡೆ ಬಿಚ್ಚುತ್ತ. “ನಿಮಗೆ ಓಟು ಹಾಕೋ ಮಾತಿಲ್ಲ. ಅಲ್ಲೀತನಕ ನಿಮ್ಮನ್ನ ಸುಮ್ಮನೆ ಕೂರೋಕೂ ಬಿಡಲ್ಲ.”