ಸೇತುವೆ ದಾಟುವಷ್ಟು ಅಂಕ

ಊರುಗಳೆಲ್ಲ ದೇಶಗಳಾದ ಮೇಲೆ ನೇತ್ರಾವತಿ ಸೇತುವೆಯೂ ಗಡಿಯಾಯಿತು. ಎರಡೂ ದಡದ ದೇಶಗಳು ಫುಟ್‌ಬಾಲ್ ರ‍್ಯಾಂಕಿಂಗ್‌ನ ಮೊದಲ ಇನ್ನೂರರೊಳಗಿದ್ದರೆ ಮಾತ್ರ ಜನ ದಾಟಬಹುದು. ಪಂದ್ಯದ ದಿನ ಆಟಗಾರರಿಗಷ್ಟೇ ವಿನಾಯಿತಿ. ಉಳ್ಳಾಲ ಸ್ವಲ್ಪದರಲ್ಲಿ ಹಿಂದಿತ್ತು. ಹಾಗಾಗಿ ಆಚೆ ದಡದ ಮಂಗಳೂರಿಗೆ ಮದುವೆಯಾಗಿ ಹೋದ ಪ್ರಮೀಳೆಯ ಮಗುವನ್ನು ಉಳ್ಳಾಲದಲ್ಲಿದ್ದ ಅವಳ ಅಮ್ಮ ಇನ್ನೂ ಎತ್ತಿಕೊಂಡಿರಲಿಲ್ಲ.

ಪ್ರಮೀಳೆ ಮಂಗಳೂರು ತಂಡದ ನಾಯಕಿ. ತಂಗಿ ಹರಿಣಾಕ್ಷಿ ಉಳ್ಳಾಲದ ಗೋಲ್‌ಕೀಪರ್. ನಮ್ಮ ಜೊತೆ ಒಂದು ಪಂದ್ಯ ಆಡಿ ಎಂದು ತಂಗಿ ಫೋನಿನಲ್ಲಿ ಕೇಳಿದಳು.

"ಆಡಿ ನಮಗೆ ಎಂತ ಸಿಗ್ತದೆ ಮಾರಾಯ್ತಿ? ಚಿಕ್ಕ ತಂಡವನ್ನು ಸೋಲಿಸಿದ್ರೆ ಹೆಚ್ಚು ಅಂಕ ಬರುವುದಿಲ್ಲ. ಡ್ರಾ ಆದ್ರೂ ನಮ್ಮ ಅಂಕ ನಿಮಗೆ ಹೋಗ್ತದೆ."

"ನಮಗೆ ಡ್ರಾ ಸಾಕಕ್ಕ."

ಅಕ್ಕ ಮಗುವಿನ ತೊಟ್ಟಿಲು ತೂಗುತ್ತಾ, "ಆಡುವ. ಆದ್ರೆ ನಾನು ಬಿಟ್ಟುಕೊಡುವುದಿಲ್ಲ," ಎಂದಳು.

ಬಿಟ್ಟುಕೊಡಲೂ ಇಲ್ಲ. ಉಳ್ಳಾಲದ ಮೈದಾನದಲ್ಲಿ ಯಾರೂ ಗೋಲು ಹೊಡೆಯದ ಪಂದ್ಯದ ಕೊನೆಯ ನಿಮಿಷ, ಪ್ರಮೀಳೆ ಒಬ್ಬಳೇ ನುಗ್ಗಿ ಬಂದು ಬಲಮೂಲೆಗೆ ಜೋರಾಗಿ ಒದ್ದಳು. ಹರಿಣಾಕ್ಷಿ ಹಾರಿದಳು. ಚೆಂಡು ಅವಳ ಬೆರಳ ತುದಿಗೆ ತಗುಲಿ, ಕಂಬಕ್ಕೆ ಬಡಿದು ಹೊರಗೆ ಹೋಯಿತು. ಅಕ್ಕ ತಲೆಯ ಮೇಲೆ ಕೈಹೊತ್ತು ಕುಳಿತದ್ದನ್ನು ನೋಡಿದಾಗ, ಅದು ಸುಳ್ಳು ಹೊಡೆತವಲ್ಲ ಎಂದು ಹರಿಣಾಕ್ಷಿಗೆ ಖಾತ್ರಿಯಾಯಿತು.

ಹೊಸ ರ‍್ಯಾಂಕಿಂಗ್ ಬಂದಾಗ ಉಳ್ಳಾಲ ಇನ್ನೂರರೊಳಗಿತ್ತು. ಮರುದಿನ ಬಸ್ಸು ಸೇತುವೆಗೆ ಏರುವಾಗ ಅಮ್ಮ ಮಗುವಿನ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ನದಿ ನೋಡುತ್ತಿದ್ದರು.

"ಅಲ್ಲ ಹರಿಣಾ, ಕೊನೆಗೆ ಗೆದ್ದದ್ದು ಯಾರು?"

"ಯಾರೂ ಗೆಲ್ಲಲಿಲ್ಲಮ್ಮ. ಅದಕ್ಕೇ ನಾವು ಈಗ ಸೇತುವೆ ಮೇಲಿರುವುದು."