ರೋಗಿ ಕಡೆಯವರ ಸಹಿ

ಸಿಸೇರಿಯನ್ ಆಗಿ ನೀಲವ್ವ ಎಚ್ಚರವಿಲ್ಲದೆ ಮಲಗಿದ್ದಾಗ, ರೋಗಿ ಕಡೆಯವರ ಸಹಿ ಹಾಕಿದವನು ಅವಳ ಗಂಡ. "ಗಂಡು ಹುಟ್ಟೇತಿ, ಸಾಕು. ಇನ್ನ ಮಕ್ಕಳಾಗದಂಗ ಮಾಡಿಬಿಡ್ರಿ" ಎಂದು ಡಾಕ್ಟರಿಗೆ ತಾನೇ ಹೇಳಿದ್ದ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಆ ಕೂಸು ಎರಡು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಿತು.

ಈಗ ಅವನು ಒಪ್ಪಿಗೆ ಪತ್ರ ಬರೆಸಿಕೊಂಡು ಬಂದಿದ್ದ.

"ನಿನಗಂತೂ ಇನ್ನ ಮಕ್ಕಳಾಗೂದಿಲ್ಲ. ನಾ ಎರಡನೇ ಮದುವಿ ಆಗ್ತೀನಿ. ಸಹಿ ಹಾಕು."

ನೀಲವ್ವ ಓದದೆಯೇ ಸಹಿ ಹಾಕಿ, ಪೆನ್ನನ್ನು ಅವನ ಜೇಬಿಗೆ ಸಿಕ್ಕಿಸಿದಳು.

"ಸಿಟ್ಟಿಲ್ಲೇನು ನಿನಗ?"

"ಇನ್ಯಾಕ್ರೀ ಸಿಟ್ಟು? ಹೋದ ವರ್ಷ ನಿಮ್ಮ ಹರ್ನಿಯಾ ಆಪರೇಶನ್ ಆತಲ್ಲ, ಅವತ್ತ ರೋಗಿ ಕಡೆಯವರ ಸಹಿ ನಾನ ಹಾಕಿದ್ದೆ. ಇವರಿಗೂ ಮಕ್ಕಳಾಗದಂಗ ಮಾಡಿಬಿಡ್ರಿ ಅಂದಿದ್ದೆ."