ಪೆಟ್ರೋಲ್ ಕಾರ್ಡು

ಅಮ್ಮನ ಬಳೆಗಳ ವಿಷಯಕ್ಕೆ ಅಕ್ಕ ನಿರ್ಮಲೆಯ ಜೊತೆ ಜಗಳವಾಡಿ ಪ್ರಫುಲ್ಲ ಊರು ಬಿಟ್ಟಳು. ಫೋನ್ ನಂಬರನ್ನೂ ಬದಲಾಯಿಸಿದಳು. ಅಕ್ಕ ಹಿಂದೆ ತನ್ನ ಖಾತೆಯ ಮೇಲೆ ಮಾಡಿಸಿಕೊಟ್ಟಿದ್ದ ಪೆಟ್ರೋಲ್ ಕಾರ್ಡನ್ನು ಮಾತ್ರ ಬಿಡಲಾಗಲಿಲ್ಲ. ಸ್ಕೂಟರಿನಲ್ಲಿ ಊರೂರು ಸುತ್ತಿ ಸೀರೆ ಮಾರುವವಳಿಗೆ ಅದು ಬೇಕೇ ಬೇಕಿತ್ತು. ಕೈತುಂಬ ಸಂಬಳವಿರುವ ಅಕ್ಕ ಇಂಥ ಸಣ್ಣ ಖರ್ಚನ್ನೆಲ್ಲ ಗಮನಿಸುವುದಿಲ್ಲ ಎಂದು ಮೂರು ವರ್ಷ ತನಗೆ ತಾನೇ ಹೇಳಿಕೊಂಡಳು. ಆದರೂ ಕಾರ್ಡು ಕೊಡುವಾಗ ಬಂಕಿನವರ ಮುಖ ನೋಡುತ್ತಿರಲಿಲ್ಲ.

ಒಂದು ದಿನ ಬಂಕಿನಾಕೆ ಹೇಳಿದಳು: "ಈ ಕಾರ್ಡು ತಿಂಗಳ ಕೊನೆಗೆ ನಿಲ್ಲುತ್ತೆ ಮೇಡಂ. ಪೆಟ್ರೋಲ್ ಕಂಪನಿಯವರು ಬ್ಯಾಂಕ್ ಬದಲಾಯಿಸಿದ್ದಾರೆ. ಹೊಸ ಬ್ಯಾಂಕಿನವರು ಖಾತೆ ಯಾರದೋ ಅವರನ್ನ ಕೇಳಿಯೇ ಮನೆಯವರಿಗೆ ಕಾರ್ಡು ಕೊಡೋದಂತೆ."

ಹಾಗಾದರೆ ಅಕ್ಕನನ್ನು ಕೇಳುತ್ತಾರೆ. ಎಲ್ಲ ಹೊರಬೀಳುವ ಮೊದಲು ತಾನೇ ಹೇಳುವುದು ವಾಸಿ ಎಂದು ಪ್ರಫುಲ್ಲ ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ ಫೋನ್ ಮಾಡಿದಳು.

"ಅಕ್ಕ, ನಾನು ಪ್ರಫುಲ್ಲ. ಇಷ್ಟು ದಿನವೂ ನಿನ್ನ ಕಾರ್ಡಲ್ಲೇ ಪೆಟ್ರೋಲ್ ಹಾಕಿಸ್ತಿದ್ದೆ. ಮಾತು ಬಿಟ್ಟ ಮೇಲೂ. ಕದ್ದ ಹಾಗೇ ಆಯ್ತು."

"ಗೊತ್ತಿತ್ತು ಕಣೇ."

"ಗೊತ್ತಿದ್ದೂ ಯಾಕೆ ನಿಲ್ಲಿಸಲಿಲ್ಲ?"



"ನೀನು ಹಾಕಿಸಿದಾಗಲೆಲ್ಲ ನನ್ನ ಫೋನಿಗೆ ಬಂಕಿನ ಹೆಸರು, ಊರಿನ ಹೆಸರು ಬರ್ತಿತ್ತು. ನೀನು ಎಲ್ಲಿದ್ದೀಯ, ಬದುಕಿದ್ದೀಯ ಅಂತ ನನಗೆ ಇನ್ಯಾರು ಹೇಳ್ತಿದ್ರು?"